ಚರ್ಮದ ಡಾಕ್ಟರು ಚಪ್ಪಲಿ ಬಿಚ್ಚಿಸಿದ್ದು

ನಮ್ಮ ಕಡೆ ಮೈಯಲ್ಲಿ ಯಾವ ನೋವು ಬಂದರೂ ಅದಕ್ಕೊಂದು ಕಾರಣ ಮೊದಲೇ ತಯಾರಾಗಿರುತ್ತದೆ. ಸೊಂಟ ಹಿಡಿದರೆ ಗೊಬ್ಬರದ ಬುಟ್ಟಿ ಹೊತ್ತದ್ದು. ಹಿಮ್ಮಡಿ ನೊಂದರೆ ಗುಡ್ಡೆ ಹತ್ತಿಳಿದದ್ದು. ಬೆರಳು ಬೀಗಿದರೆ ಅಡಿಕೆ ಸುಲಿದದ್ದು. ಉಗುರು ಕೆಟ್ಟರೆ ಅಡಿಕೆಯ ಮದ್ದಿಗೆ ಮೈಲುತುತ್ತು, ಸುಣ್ಣ ಕಲಸಿದ್ದು. ಇದರಲ್ಲಿ ಯಾವುದೂ ಹೊಂದದಿದ್ದರೆ ಚಿಕುನ್‌ಗುನ್ಯ ಹೇಗೂ ಉಂಟು. ಅದು ಊರಿಗೆ ಬಂದುಹೋಗಿ ಇಷ್ಟು ವರ್ಷವಾದರೂ ಕಾಸರಗೋಡಿನ ನಮ್ಮ ಬದಿಯಡ್ಕ ಪೇಟೆಯಲ್ಲಿ ಗಂಟುನೋವು ಎಂದು ಬಾಯಿಬಿಟ್ಟರೆ, "ಆಗ ನಿಮಗೆ ಬಂದಿತ್ತಲ್ಲ, ಅದರದ್ದೇ ಶೇಷ" ಎನ್ನುವವರು ನಾಲ್ಕು ಮಂದಿ ಸಿಗುತ್ತಾರೆ.

ನನಗೆ ಇವೆಲ್ಲವೂ ಇದ್ದವು. ಒಟ್ಟಿಗಲ್ಲ, ಒಂದೊಂದು ಕಾಲಕ್ಕೆ ಒಂದೊಂದು. ಒಂದು ಮಳೆಗಾಲ ಹಿಮ್ಮಡಿ, ಮತ್ತೊಂದು ಮಳೆಗಾಲ ಕಾಲ್ಬೆರಳು, ನಡುವೆ ಏನೂ ಇಲ್ಲದೆ ಆರಾಮಾಗಿ ಓಡಾಡಿದ ತಿಂಗಳುಗಳು. ಚರ್ಮ ಕೆಂಪಾಗಿ ಹೊಟ್ಟು ಏಳುವ ಸೋರಿಯಾಸಿಸ್ ಮಾತ್ರ ಹತ್ತು ಹದಿನೈದು ವರ್ಷದಿಂದ ಬಿಟ್ಟುಹೋದದ್ದಿಲ್ಲ. ಮೊಣಕೈ, ಮೊಣಕಾಲು, ಕಿವಿಯ ಹಿಂದೆ, ನೆತ್ತಿಯಲ್ಲಿ ಕೂದಲಿನ ಅಂಚಿಗೆ. ಬಿಳಿ ಅಂಗಿ ಹಾಕುವುದನ್ನು ಬಿಟ್ಟಿಲ್ಲ, ಅದರಲ್ಲಿ ಹೊಟ್ಟು ಕಾಣುವುದಿಲ್ಲ. ಕಪ್ಪು ಅಂಗಿ ಬಿಟ್ಟು ಬಹಳ ಕಾಲವಾಯಿತು.

ಚರ್ಮಕ್ಕೆ ಮಾಡದ ಉಪಚಾರ ಇಲ್ಲ. ಗಡಿಯ ಈಚೆ ಕೇರಳದಲ್ಲಿರುವ ನಮಗೆ ಮಲಯಾಳದ ಮದ್ದೂ ಗೊತ್ತು, ಘಟ್ಟದ ಕೆಳಗಿನ ಮದ್ದೂ ಗೊತ್ತು. ದಂತಪಾಲೆಯ ಎಲೆಯನ್ನು ಕತ್ತಿ ತಾಗಿಸದೆ ಕೈಯಲ್ಲೇ ಹರಿದು ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಡುತ್ತಾರೆ. ಕೆಲವು ದಿನದಲ್ಲಿ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಅಂಗಳದ ಮೂಲೆಯಲ್ಲಿ ಅಂಥದ್ದೊಂದು ಬಾಟಲಿ ಸದಾ ಇರುತ್ತಿತ್ತು. ಹಚ್ಚಿದರೆ ಹೊಟ್ಟು ಮೆತ್ತಗಾಗುತ್ತದೆ, ತುರಿಕೆ ತಗ್ಗುತ್ತದೆ; ಅಷ್ಟಕ್ಕೆ ನಾನು ಅದನ್ನು ಇವತ್ತಿಗೂ ದೂರುವುದಿಲ್ಲ.

ಉಳಿದದ್ದಕ್ಕೆ ಮಂಗಳೂರಿನ ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮು. ಒಮ್ಮೆ ಚೀಟಿ ಸಿಕ್ಕಿದರೆ ಮತ್ತೆ ಡಾಕ್ಟರ ಮುಖ ನೋಡಬೇಕೆಂದಿಲ್ಲ. ಖಾಲಿಯಾದ ಟ್ಯೂಬನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋಗಿ ಮೆಡಿಕಲ್‌ನಲ್ಲಿ ತೋರಿಸಿದರೆ ಸಾಕು, ಅಂಥದ್ದೇ ಇನ್ನೊಂದು ಕೊಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಈಚಿನವರು ಆಚೆ ಹೋಗಲಾಗದಿದ್ದಾಗ ನಮ್ಮಂಥವರಿಗೆ ಆ ಖಾಲಿ ಟ್ಯೂಬೇ ಡಾಕ್ಟರು. ರಸ್ತೆ ತೆರೆದ ಮೇಲೂ ಅಭ್ಯಾಸ ಹೋಗಲಿಲ್ಲ. ಕ್ಲೋಬೆಟಸಾಲ್‌ನಂಥ ಬಲವಾದ ಸ್ಟೀರಾಯ್ಡ್ ಮುಲಾಮನ್ನು ಹೀಗೆ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ ಎಂಬುದು ಒಂದು ಕಥೆ. ನನ್ನ ತಕರಾರು ಬೇರೆ. ಸೋರಿಯಾಸಿಸ್ ಕೆಲವರಿಗೆ ಗಂಟಿಗೂ ಇಳಿಯುತ್ತದೆ, ಅದಕ್ಕೆ ಸೋರಿಯಾಟಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಟ್ಯೂಬಿನ ಮುಖಾಂತರ ವ್ಯವಹಾರ ಮಾಡುವವನನ್ನು "ನಿಮಗೆ ಗಂಟುನೋವು ಉಂಟಾ" ಎಂದು ಕೇಳುವವರೇ ಇರುವುದಿಲ್ಲ.

ನನ್ನನ್ನು ಕೇಳಿದ್ದು ಹೊಸದಾಗಿ ಬಂದ ಒಬ್ಬರು ಡಾಕ್ಟರು, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವರಿರಬಹುದು. ಮದುವೆಯೊಂದಕ್ಕೆ ಮಂಗಳೂರಿಗೆ ಹೋದವನು ಹೇಗೂ ಬಂದಿದ್ದೇನೆಂದು ಚೀಟಿ ಹೊಸದು ಮಾಡಿಸಿಕೊಳ್ಳಲು ಒಳಹೊಕ್ಕಿದ್ದೆ. ಮೊಣಕೈ ನೋಡಿದರು, ನೆತ್ತಿ ನೋಡಿದರು. ಆಮೇಲೆ, "ಚಪ್ಪಲಿ ಬಿಚ್ಚಿ, ಕಾಲು ನೋಡುವ" ಎಂದರು.

"ಕಾಲಲ್ಲಿ ಇಲ್ಲ ಡಾಕ್ಟ್ರೇ, ಮೊಣಕಾಲಲ್ಲಿ ಮಾತ್ರ."

"ಚರ್ಮ ಅಲ್ಲ, ಬೆರಳು ನೋಡ್ಲಿಕ್ಕೆ."

ಮೊದಲು ಕೈಯ ಉಗುರು. ಮೊಬೈಲಿನ ಟಾರ್ಚ್ ಹಾಕಿ, ಬೆಳಕು ಓರೆಯಾಗಿ ಬೀಳುವಂತೆ ಒಂದೊಂದೇ ಬೆರಳನ್ನು ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ನೇರ ನೋಡಿದರೆ ಬರೀ ಒರಟಾಗಿ ಕಾಣುವ ಉಗುರಿನಲ್ಲಿ ಓರೆ ಬೆಳಕಿಗೆ ಸೂಜಿಮೊನೆಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳು ಎದ್ದು ಕಂಡವು. ತೋರುಬೆರಳಿನ ಉಗುರಿನ ತುದಿ ಮಾಂಸದಿಂದ ಬಿಟ್ಟುಕೊಂಡು ಬೆಳ್ಳಗಾಗಿತ್ತು, ಅದರ ಅಂಚಿಗೆ ಎಣ್ಣೆ ಬಿದ್ದ ಕಾಗದದ ಬಣ್ಣದ ಕಲೆ. ಇದಕ್ಕೆ ಹಿಂದೆ ಊರಲ್ಲಿ ಒಬ್ಬರು ಫಂಗಸ್ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟಿದ್ದರು. ಮೈಲುತುತ್ತಿನಿಂದ ಹೀಗಾಗುತ್ತದಾ ಎಂದು ಕೇಳಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಹಾಕಿ ವರ್ಷವರ್ಷವೂ ಕೈಯಾರೆ ಬೋರ್ಡೋ ದ್ರಾವಣ ಮಾಡುವವನು ಎಂದು ವಿವರಿಸಿದೆ. "ಮದ್ದು ಕಲಸುವ ಬೇರೆಯವರ ಉಗುರು ಹೀಗೆ ಉಂಟಾ?" ಎಂದು ಕೇಳಿದರು. ಇಲ್ಲ. ನಮ್ಮಲ್ಲಿಗೆ ಮದ್ದು ಬಿಡಲು ಬರುವ ಮೂವರ ಉಗುರೂ ನನ್ನದಕ್ಕಿಂತ ಚೆನ್ನಾಗಿವೆ.

ಆಮೇಲೆ ಒಂದು ಹಾಳೆ ತೆಗೆದರು. ಒಂದು ಬದಿ ಮನುಷ್ಯನ ಚಿತ್ರ, ಎಲ್ಲೆಲ್ಲಿ ನೋವೋ ಅಲ್ಲಿ ಗುರುತು ಹಾಕಲಿಕ್ಕೆ. ಇನ್ನೊಂದು ಬದಿ ಐದು ಪ್ರಶ್ನೆ. ಯಾವಾಗಲಾದರೂ ಗಂಟು ಬಾತದ್ದುಂಟೇ? ಸಂಧಿವಾತ ಎಂದು ಡಾಕ್ಟರು ಯಾರಾದರೂ ಹೇಳಿದ್ದುಂಟೇ? ಉಗುರಿನಲ್ಲಿ ಗುಳಿಗಳಿವೆಯೇ? ಹಿಮ್ಮಡಿ ನೋವು ಬಂದದ್ದುಂಟೇ? ಕಾರಣವಿಲ್ಲದೆ ಕೈಯ ಅಥವಾ ಕಾಲಿನ ಬೆರಳೊಂದು ಇಡಿಯಾಗಿ ಬಾತು ನೊಂದದ್ದುಂಟೇ? ಹೌದು ಎಂದರೆ ಒಂದು ಅಂಕ. ಮೂರು ಅಥವಾ ಹೆಚ್ಚು ಬಂದರೆ ಗಂಟಿನ ಡಾಕ್ಟರರಲ್ಲಿಗೆ ಕಳಿಸಬೇಕು. ಇದಕ್ಕೆ ಪೆಸ್ಟ್ ಪ್ರಶ್ನಾವಳಿ ಎಂದು ಹೆಸರು, ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದು. ಸೋರಿಯಾಸಿಸ್ ಇರುವವರನ್ನು ವರ್ಷಕ್ಕೊಮ್ಮೆ ಹೀಗೆ ಕೇಳಬೇಕೆಂದು ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ 2012ರಿಂದಲೇ ಹೇಳುತ್ತದೆ.

ಕೇಳಲು ಐದು ನಿಮಿಷ ಬೇಡ. ಆದರೆ ನಾನು ಉತ್ತರ ಹೇಳುವುದಕ್ಕೆ ಹೊತ್ತು ಹಿಡಿಯಿತು, ಯಾಕೆಂದರೆ ಪ್ರತಿಯೊಂದಕ್ಕೂ ಹೌದು ಎನ್ನುವ ಮೊದಲು ಅದರ ಕಾರಣ ಹೇಳುತ್ತಿದ್ದೆ. ಹಿಮ್ಮಡಿ ನೋವು ಬಂದಿತ್ತು, ಆದರೆ ಅದು ಗುಡ್ಡೆಗೆ ಕೊರೆದ ಸುರಂಗದಿಂದ ನೀರು ಬರುವ ಪೈಪ್ ಒಡೆದು ದಿನಾ ಗುಡ್ಡೆ ಹತ್ತಿದ ವರ್ಷ. ಎಡಗಾಲಿನ ನಾಲ್ಕನೆಯ ಬೆರಳು ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕೆ ಬಾತು ನೇರಳೆಗಟ್ಟಿತ್ತು, ಆದರೆ ಅದು ಮುಳ್ಳು ಹೊಕ್ಕಿದ್ದಿರಬೇಕು. "ಮುಳ್ಳು ಸಿಕ್ಕಿತಾ?" ಸಿಕ್ಕಿರಲಿಲ್ಲ. "ಹೌದು ಅಂತ ಬರೀತೇನೆ." ಎರಡನೆಯ ಪ್ರಶ್ನೆಗೆ ನಮ್ಮ ಪಂಡಿತರು ವಾತ ಎಂದಿದ್ದಾರೆ ಎಂದೆ. ನಕ್ಕು, ಅದನ್ನು ಹಾಗೇ ಖಾಲಿ ಬಿಟ್ಟರು. ಅದಿಲ್ಲದೆಯೂ ನಾಲ್ಕಾಯಿತು.

ಆ ಹಾಳೆಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ನನಗೆ ಗೊತ್ತಿಲ್ಲದ ಒಂದು ಸಂಗತಿಯೂ ಅದರಲ್ಲಿರಲಿಲ್ಲ. ಹಿಮ್ಮಡಿ ಒಬ್ಬರಿಗೆ ತೋರಿಸಿದ್ದೆ, ಬೆರಳು ಇನ್ನೊಬ್ಬರಿಗೆ, ಉಗುರು ಮತ್ತೊಬ್ಬರಿಗೆ, ಚರ್ಮ ಮಂಗಳೂರಿಗೆ. ಎಲ್ಲವೂ ಒಬ್ಬನದ್ದೇ ಮೈ ಎಂದು ಒಂದೇ ಕಾಗದದ ಮೇಲೆ ಬಂದದ್ದು ಅದೇ ಮೊದಲು. ಆಟಿಯ ಮಳೆಯಲ್ಲಿ ತೋಟಕ್ಕೆ ಇಳಿದಾಗ ಬುಡದಲ್ಲಿ ನಾಲ್ಕು ಎಳೆ ಅಡಿಕೆ ಬಿದ್ದದ್ದು ಕಂಡರೆ ನಾವು ಕೊಳೆರೋಗ ಎಂದು ತೀರ್ಮಾನ ಮಾಡುವುದಿಲ್ಲ, ಕತ್ತೆತ್ತಿ ಮರದ ಮೇಲಿನ ಗೊನೆ ನೋಡುತ್ತೇವೆ. ಆ ಐದು ಪ್ರಶ್ನೆಯ ಕೆಲಸವೂ ಅಷ್ಟೇ.

ಕತ್ತೆತ್ತಿ ನೋಡುವವರು ಗಂಟಿನ ಡಾಕ್ಟರು, ಅಂದರೆ ರುಮಟಾಲಜಿಸ್ಟ್. ನಮ್ಮ ಊರಿನ ಆಸುಪಾಸಿನಲ್ಲಿ ಅಂಥವರು ಸಿಗುವುದು ಕಷ್ಟ, ಮತ್ತೆ ಮಂಗಳೂರೇ. ಬೆಳಗಿನ ಬಸ್ಸಿಗೆ ಕುಂಬಳೆ, ಅಲ್ಲಿಂದ ರೈಲು. ಬಸ್ಸಿನ ಕಂಬಿ ಹಿಡಿಯಲು ಬೆರಳು ಮಡಚದೆ ಮೊಣಕೈಯನ್ನು ಅದಕ್ಕೆ ಸಿಕ್ಕಿಸಿಕೊಂಡು ನಿಂತಿದ್ದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಆವತ್ತೇ. ಮೈ ತನ್ನಷ್ಟಕ್ಕೆ ಎಷ್ಟೆಲ್ಲ ಉಪಾಯ ಮಾಡಿಕೊಂಡಿರುತ್ತದೆ!

ಗಂಟಿನ ಡಾಕ್ಟರು ನನ್ನ ಕಾಗದಪತ್ರ ಮುಟ್ಟುವ ಮೊದಲು ಕೇಳಿದ್ದು ಹೀಗೆ: "ಬೆಳಿಗ್ಗೆ ಎದ್ದ ಮೇಲೆ ಕೈ ಹಿಡಿತಕ್ಕೆ ಬರಲಿಕ್ಕೆ ಎಷ್ಟು ಹೊತ್ತು ಬೇಕು?"

"ಕಾಫಿ ಕುಡಿದು ಪೇಪರ್ ಓದಿ ಮುಗಿಯುವವರೆಗೆ."

"ಅರ್ಧ ಗಂಟೆ?"

"ಜಾಸ್ತಿಯೇ."

ದುಡಿದು ಸವೆದ ಗಂಟು ಕೆಲಸ ಮಾಡಿದಷ್ಟೂ ನೋಯುತ್ತದೆ, ಕೂತರೆ ಸುಧಾರಿಸುತ್ತದೆ. ಉರಿಯೂತದ ಗಂಟು ತದ್ವಿರುದ್ಧ. ಮಲಗಿ ಎದ್ದಾಗ ಸೆಟೆದಿರುತ್ತದೆ, ಆಡಿಸಿದರೆ ಸಡಿಲಾಗುತ್ತದೆ. ಈ ಒಂದು ವ್ಯತ್ಯಾಸವನ್ನು ಅವರು ಹೇಳಿದ ಮೇಲೆ ನನ್ನ ಸುಲಿದ, ಹೊತ್ತ, ಹತ್ತಿದ ಕಾರಣಗಳೆಲ್ಲ ಒಮ್ಮೆಲೇ ಸಡಿಲಾದವು. ಅಡಿಕೆ ಸುಲಿದದ್ದರಿಂದ ಬಂದ ನೋವಾದರೆ ಸುಲಿಯುತ್ತ ಕೂತ ಮೇಲೆ ಕಡಿಮೆ ಆಗಬಾರದು. ನನಗೆ ಕಡಿಮೆ ಆಗುತ್ತಿತ್ತು.

ಆಮೇಲೆ ಮಂಚದ ಮೇಲೆ ಮಲಗಿಸಿ ಒತ್ತತೊಡಗಿದರು. ದವಡೆಯ ಕೀಲಿನಿಂದ ಕಾಲ್ಬೆರಳಿನ ತುದಿಗಂಟಿನವರೆಗೆ ಒಂದನ್ನೂ ಬಿಡಲಿಲ್ಲ. ನೋವಿದ್ದಲ್ಲಿ ಒಂದು ಗೀಟು, ಬಾವಿದ್ದಲ್ಲಿ ಇನ್ನೊಂದು. ಹಿಮ್ಮಡಿಯ ಹಿಂದೆ ಸ್ನಾಯು ಎಲುಬಿಗೆ ಕಚ್ಚಿಕೊಳ್ಳುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಾಲು ತಾನಾಗಿ ಹಿಂದೆ ಎಳೆದುಕೊಂಡಿತು. ಅದೇ ಈ ಕಾಯಿಲೆಯ ಮೆಚ್ಚಿನ ತಾಣವಂತೆ. ಕಣ್ಣು ಕೆಂಪಾಗಿ ನೊಂದದ್ದುಂಟಾ, ಹೊಟ್ಟೆ ಕೆಡುತ್ತಿರುತ್ತದಾ, ಮನೆಯಲ್ಲಿ ಬೇರೆ ಯಾರಿಗೆ ಸೋರಿಯಾಸಿಸ್ ಉಂಟು ಎಂದೆಲ್ಲ ಕೇಳಿದರು. ಕೊನೆಗೆ ದನಿ ತಗ್ಗಿಸಿ, ಕೂರುವ ಜಾಗದ ಸೀಳಿನಲ್ಲಿಯೂ ಚರ್ಮ ಕೆಂಪಾಗಿದೆಯಾ ಎಂದರು. ಇತ್ತು. ಅದನ್ನು ಮನೆಯಲ್ಲಿ ಕೂಡ ಹೇಳಿರಲಿಲ್ಲ. ನೆತ್ತಿ, ಉಗುರು ಮತ್ತು ಆ ಸೀಳು, ಈ ಮೂರು ಕಡೆ ಸೋರಿಯಾಸಿಸ್ ಇರುವವರಲ್ಲಿ ಗಂಟಿಗೆ ಬರುವ ಸಂಭವ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡಿದೆಯಂತೆ. ಹೇಳಲು ನಾಚುವ ಜಾಗವೇ ಸುಳಿವು ಕೊಡುತ್ತದೆ ಎಂದರೆ ಕೇಳುವವರೇ ಮೊದಲು ಕೇಳಬೇಕು, ಬೇರೆ ದಾರಿಯಿಲ್ಲ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು. ಹಿಂದೆ ಊರಿನ ಬಳಿಯ ಒಂದು ಕ್ಲಿನಿಕ್ಕಿನಲ್ಲಿ ರುಮಟಾಯ್ಡ್ ಫ್ಯಾಕ್ಟರ್ ನೋಡಿ, ನೆಗೆಟಿವ್ ಬಂದದ್ದಕ್ಕೆ "ನಿಮಗೆ ಸಂಧಿವಾತ ಇಲ್ಲ" ಎಂದು ಕಳಿಸಿದ್ದರು. ಇನ್ನೊಂದು ಕಡೆ ಯೂರಿಕ್ ಆಸಿಡ್ ತುಸು ಹೆಚ್ಚಿದ್ದಕ್ಕೆ ಅದರಿಂದ ಬರುವ ಗಂಟುನೋವು, ಗೌಟ್ ಎಂದಿದ್ದರು. ಸೋರಿಯಾಸಿಸ್ ಇರುವವರಿಗೆ ಯೂರಿಕ್ ಆಸಿಡ್ ಹೆಚ್ಚಿರುವುದು ಅಪರೂಪವಲ್ಲ. ಬೆರಳು ಬಾತಾಗ ಅಲ್ಲಿ ಕೊಟ್ಟ ಸ್ಟೀರಾಯ್ಡ್ ಮಾತ್ರೆಗೆ ಬಾವು ಇಳಿಯಿತು, ಮಾತ್ರೆ ನಿಂತದ್ದೇ ಚರ್ಮ ಕೆರಳಿ ಬೆನ್ನಿಗೂ ಹಬ್ಬಿತು. ಈ ಕಾಯಿಲೆಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ವೇ ಇರುತ್ತದೆ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿಗಳು ಸುಮಾರು ಅರ್ಧ ಮಂದಿಯಲ್ಲಿ ಏರುವುದೇ ಇಲ್ಲ. "ನಿಮ್ಮ ರಿಪೋರ್ಟ್ ಎಲ್ಲ ನಾರ್ಮಲ್" ಎಂದು ಲ್ಯಾಬಿನವರು ಹೇಳಿದ ಖುಷಿ ಇಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ನಿರ್ಣಯಕ್ಕೆ ಗಂಟಿನ ಡಾಕ್ಟರರದ್ದೇ ಒಂದು ಲೆಕ್ಕ ಉಂಟು, ಕ್ಯಾಸ್ಪರ್ ಎಂದು, 2006ರದ್ದು. ಗಂಟಿನಲ್ಲೋ ಬೆನ್ನಿನಲ್ಲೋ ಸ್ನಾಯು ಕಚ್ಚುವ ಜಾಗದಲ್ಲೋ ಉರಿಯೂತ ಇರುವುದು ಮೊದಲು ಖಾತ್ರಿಯಾಗಬೇಕು. ಅದರ ಮೇಲೆ ಮೂರು ಅಂಕ ಬೇಕು. ಈಗ ಸೋರಿಯಾಸಿಸ್ ಇದ್ದರೆ ಎರಡು, ಉಗುರಿಗೆ ಒಂದು, ಬೆರಳು ಇಡಿಯಾಗಿ ಬಾತದ್ದಕ್ಕೆ ಒಂದು, ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಎಂಬುದಕ್ಕೂ ಒಂದು. ಅಂದರೆ ಯಾವ ರಿಪೋರ್ಟ್ ನೋಡಿ ನನ್ನನ್ನು ಮನೆಗೆ ಕಳಿಸಿದ್ದರೋ ಅದೇ ರಿಪೋರ್ಟಿಗೆ ಇಲ್ಲಿ ಅಂಕ ಸಿಕ್ಕಿತು. ಒಟ್ಟು ಐದು. ಎಕ್ಸ್-ರೇಯಲ್ಲಿ ಎಲುಬು ಇನ್ನೂ ಸವೆದಿರಲಿಲ್ಲ. ಆದರೆ ಅಲ್ಟ್ರಾಸೌಂಡಿನ ಕಡ್ಡಿಯನ್ನು ಬಲಗೈಯ ನಡುಬೆರಳಿನ ಮೇಲೆ ಇಟ್ಟಾಗ ಪರದೆಯ ಬೂದು ಬಣ್ಣದ ನಡುವೆ ಕೆಂಪು ಚುಕ್ಕೆಗಳು ಮಿನುಗಿದವು. ಬಾವಿದ್ದಲ್ಲಿ ರಕ್ತ ಹೆಚ್ಚು ಹರಿಯುವುದರ ಗುರುತು ಅದು.

ಸೋರಿಯಾಸಿಸ್ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗಾದರೂ ಹೀಗೆ ಗಂಟಿಗೆ ಬರುತ್ತದೆ. ಬಹಳ ಮಂದಿಗೆ ಚರ್ಮ ಮೊದಲು, ಹತ್ತು ವರ್ಷದ ಸುಮಾರಿಗೆ ಗಂಟು; ಕೆಲವರಿಗೆ ಮಾತ್ರ ಗಂಟೇ ಮೊದಲು. ಚರ್ಮದಲ್ಲಿ ಅಂಗೈಯಗಲ ಮಾತ್ರ ಇದ್ದವರಿಗೂ ಬರಬಹುದು. ಎಲುಬು ಒಮ್ಮೆ ಸವೆದರೆ ಅದು ಮರಳಿ ಬೆಳೆಯುವುದಿಲ್ಲ. ಐರ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರನ್ನು ಕಾಣಲು ಆರು ತಿಂಗಳು ತಡವಾದವರಲ್ಲಿಯೇ ಸವೆತ ಹೆಚ್ಚು ಕಂಡಿತ್ತು. ನಾನು ಮೊದಲ ಸಲ ಹಿಮ್ಮಡಿ ಹಿಡಿದುಕೊಂಡು ಕುಂಟಿದ್ದು ಆರು ತಿಂಗಳ ಹಿಂದಲ್ಲ. ಎಕ್ಸ್-ರೇ ಶುದ್ಧ ಬಂದದ್ದು ನನ್ನ ಅದೃಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಮದ್ದು ಮೆಥೋಟ್ರೆಕ್ಸೇಟ್. ಬೆಲೆ ಕಡಿಮೆ, ಎಚ್ಚರ ಜಾಸ್ತಿ. ಶುರು ಮಾಡುವ ಮೊದಲು ಲಿವರ್, ಕಿಡ್ನಿ, ರಕ್ತಕಣ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್-ರೇ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಡಾಕ್ಟರು ಚೀಟಿಯಲ್ಲಿ ಕನ್ನಡದಲ್ಲೇ "ಆದಿತ್ಯವಾರ ಮಾತ್ರ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಬೇರೆ ದಿನ. ಮನೆಯಾಕೆ ಮಾತ್ರೆಯ ಡಬ್ಬವನ್ನು ಬಿಪಿ ಮಾತ್ರೆಯ ಜೊತೆ ಇಡಲು ಬಿಡಲಿಲ್ಲ, ಅವಳ ಸೀರೆಯ ಕಪಾಟಿಗೆ ಹೋಯಿತು. ಆದಿತ್ಯವಾರ ಊಟವಾದ ಮೇಲೆ ಅವಳೇ ತೆಗೆದುಕೊಡುತ್ತಾಳೆ. ಮರುದಿನ ಅರ್ಧ ದಿನ ಹೊಟ್ಟೆ ತೊಳಸುತ್ತದೆ, ಸೋಮವಾರ ತೋಟಕ್ಕೆ ತಡವಾಗಿ ಇಳಿಯುತ್ತೇನೆ.

ಮೊದಲ ತಿಂಗಳು ಏನೂ ಆಗಲಿಲ್ಲ. ಇದು ನಿಧಾನದ ಮದ್ದು, ಎರಡು ಮೂರು ತಿಂಗಳು ಕಾಯಬೇಕು ಎಂದು ಹೇಳಿದ್ದರಿಂದ ಸುಮ್ಮನಿದ್ದೆ. ಆಮೇಲೆ ನಡುಬೆರಳು ಇಳಿಯಿತು, ಮೊಣಕೈಯ ಚರ್ಮವೂ ತೆಳುವಾಯಿತು. ಹಿಮ್ಮಡಿ ಮಾತ್ರ ಜಗ್ಗಿಲ್ಲ. ಅದಕ್ಕೆ ಜೀವಕೋಶಗಳಿಂದ ತಯಾರಿಸುವ ಬಯಾಲಜಿಕಲ್ ಇಂಜೆಕ್ಷನ್ ಬೇಕಾಗಬಹುದು ಎಂಬ ಮಾತು ಬಂದಿದೆ. ಅಡಾಲಿಮುಮಾಬ್ ಎಂಬ ಅಂಥ ಇಂಜೆಕ್ಷನಿನ ನಮ್ಮ ದೇಶದ ತಯಾರಿ 2014ರಿಂದ ಸಿಗುತ್ತದೆ, ಆದರೂ ತಿಂಗಳಿಗೆ ಸಾವಿರಗಟ್ಟಲೆ. ಕ್ಷಯದ ಪರೀಕ್ಷೆ ಮಾಡದೆ ಅದನ್ನು ಕೊಡುವಂತಿಲ್ಲ, ಆ ಪರೀಕ್ಷೆ ಮಾಡಿಸಿಟ್ಟಿದ್ದೇನೆ. ಇಂಜೆಕ್ಷನಿನ ತೀರ್ಮಾನ ಈ ಸಲದ ಅಡಿಕೆ ಧಾರಣೆ ನೋಡಿಕೊಂಡು.

ಆ ಪ್ರಶ್ನೆಗಳ ಹಾಳೆಯ ಫೋಟೋ ನನ್ನ ಮೊಬೈಲಿನಲ್ಲುಂಟು. ಪೆರ್ಲದಲ್ಲಿ ಚಿಕ್ಕಮ್ಮನ ಮಗಳಿಗೆ ನೆತ್ತಿಯಲ್ಲಿ ಸೋರಿಯಾಸಿಸ್ ಇದೆ, ತಲೆಹೊಟ್ಟು ಎಂದು ಹೇಳಿಕೊಂಡು ಬಂದವಳು. ಫೋನಿನಲ್ಲೇ ಕೇಳಿದೆ.

"ಗಂಟು ಬಾತದ್ದು ಇಲ್ಲ ಅಣ್ಣ. ಹಿಮ್ಮಡಿ ನೋವು ಉಂಟು, ಬಾಳಂತಿ ಆದಾಗಿನಿಂದ."

"ಉಗುರು?"

"ಬಣ್ಣ ಹಚ್ಚಿದ್ದೇನೆ, ಕಾಣುವುದಿಲ್ಲ."

ಲೆಕ್ಕಕ್ಕೆ ಒಂದು ಅಂಕ. ಆ ಹಾಳೆಯಲ್ಲಿ ನನಗೆ ಒಪ್ಪಿಗೆಯಿಲ್ಲದ ಒಂದು ಸಂಗತಿ ಎಂದರೆ ಬೆನ್ನಿನ ಬಗ್ಗೆ ಪ್ರಶ್ನೆಯೇ ಇಲ್ಲದ್ದು. ಕೈಕಾಲಿನ ಗಂಟು ಬಿಟ್ಟು ಬೆನ್ನೆಲುಬಿನ ಬುಡಕ್ಕೇ ಬರುವುದೂ ಉಂಟು, ಅಂಥವರು ಈ ಜರಡಿಯಲ್ಲಿ ಸುಲಭವಾಗಿ ಸೋರಿಹೋಗುತ್ತಾರೆ. ಹಾಗಾಗಿ ಅದನ್ನು ನಾನೇ ಸೇರಿಸಿ ಕೇಳಿದೆ. ಮೂರು ಗಂಟೆ ರಾತ್ರಿಗೆ ಸೊಂಟ ನೋವಿನಿಂದ ಎಚ್ಚರವಾಗುತ್ತದಂತೆ, ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆದರೆ ಕಡಿಮೆಯಾಗುತ್ತದಂತೆ. "ಹಟ್ಟಿ ಕೆಲಸದ್ದು, ಮತ್ತೆಂತ" ಎಂದಳು. ಮುಂದಿನ ವಾರಕ್ಕೆ ಟೋಕನ್ ಮಾಡಿಸಿದ್ದೇನೆ. ಉಗುರಿನ ಬಣ್ಣ ಅಳಿಸಿ ಬಾ ಎಂದು ಹೇಳಿದ್ದಕ್ಕೆ, ನಾಡಿದ್ದು ಮದುವೆ ಮುಗಿಯಲಿ ಎಂದಿದ್ದಾಳೆ.